ಫೋಟೊ ಒಂದನ್ನೇ ಕಳಿಸಬೇಡಿ

ಮಾನ್ಯ ಸಂಪಾದಕರೇ,

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಚರ್ಮದ ತೊಂದರೆ ಅಂತ ಬಂದವರ ಫೋಟೊ ತೆಗೆದು ದೂರದ ತಜ್ಞರಿಗೆ ಕಳಿಸುವುದು ಈಗ ನನ್ನ ಕೆಲಸ. ಇದರಿಂದ ಎಷ್ಟೋ ಜನರ ಸುತ್ತಾಟ ತಪ್ಪಿದೆ. ಆದರೆ ಫೋಟೊ ಒಂದಿದ್ದರೆ ಸಾಕು ಎನ್ನುವ ಅವಸರ ನೋಡಿದರೆ ಭಯವಾಗುತ್ತದೆ.

ತಿಳಿ ಬಣ್ಣದ ಮಚ್ಚೆಯನ್ನೇ ತೆಗೆದುಕೊಳ್ಳಿ. ಫೋಟೊದಲ್ಲಿ ಅದು ಬರೀ ಚಿಬ್ಬಿನ ಹಾಗೆ ಕಾಣಬಹುದು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮೆಲ್ಲಗೆ ಮುಟ್ಟಿ, ಗೊತ್ತಾಯಿತಾ ಎಂದು ಕೇಳಬೇಕು. ಗೊತ್ತಾಗಲಿಲ್ಲ ಎಂದರೆ ಕುಷ್ಠರೋಗವಿರಬಹುದು. ಸ್ಪರ್ಶ ಕಳೆದುಕೊಂಡ ಚರ್ಮ ಯಾವ ಕ್ಯಾಮೆರಾಗೂ ಸಿಗುವುದಿಲ್ಲ.

ಹುಳುಕಡ್ಡಿಗೆ ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರೆ ಅದರ ದುಂಡನೆಯ ಅಂಚು ಮಾಸಿ, ಬೇರೇನೋ ಕಾಯಿಲೆಯಂತೆ ಕಾಣುತ್ತದೆ. ಏನು ಹಚ್ಚಿದ್ರಿ ಎಂದರೆ ಮೊದಲ ಉತ್ತರ "ಏನೂ ಇಲ್ಲ". ಮನೆಯಲ್ಲಿರುವ ಟ್ಯೂಬ್ ತನ್ನಿ ಎಂದ ಮೇಲೆ ವಿಷಯ ಹೊರಬರುತ್ತದೆ. ರಾತ್ರಿ ತುರಿಕೆ ಜಾಸ್ತಿಯಾ, ಮನೆಯವರಿಗೂ ಇದೆಯಾ ಎಂದು ಕೇಳದೆ ಕಜ್ಜಿಯನ್ನು ಗುರುತಿಸುವುದೂ ಕಷ್ಟ. ಆದ್ದರಿಂದ ಈ ಪ್ರಶ್ನೆಗಳಿಗೆ ಉತ್ತರ ತುಂಬದೆ ಫೋಟೊ ಮುಂದೆ ಹೋಗದಂತೆ ವ್ಯವಸ್ಥೆ ಮಾಡಲಿ.

ಫೋಟೊ ತೆಗೆಯುವುದನ್ನೂ ಕಲಿಸಬೇಕು. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು. ಚರ್ಮ ನುಣುಪಾಗಿಸುವ ಬ್ಯೂಟಿ ಮೋಡ್ ಆಫ್ ಮಾಡದಿದ್ದರೆ ರೋಗದ ಗುರುತೇ ಮಾಯ. ಕಪ್ಪು ಮೈಬಣ್ಣದವರಲ್ಲಿ ಉರಿಯೂತ ಕೆಂಪಗೆ ಕಾಣುವುದು ಕಡಿಮೆ. ಕಂದು ಅಥವಾ ನೇರಳೆ ಛಾಯೆ ಇರುತ್ತದೆ. ಅದು ಫೋಟೊದಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ರೋಗಿ ತೋರಿಸಿದ ಜಾಗವನ್ನಷ್ಟೇ ನೋಡಿದರೂ ಸಾಲದು. ಅಂಗಾಲು, ಉಗುರು ನೋಡಲೇಬೇಕು. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೆ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿದ್ದು ಕಾಲ್ಬೆರಳಿನ ಉಗುರಿನಡಿ.

"ಫೋಟೊ ಸಾಲದು, ರೋಗಿಯನ್ನೇ ಕಳಿಸಿ" ಎಂದು ತಜ್ಞರು ಬರೆದರೆ ಅದನ್ನು ವ್ಯವಸ್ಥೆಯ ಸೋಲು ಎಂದು ಲೆಕ್ಕ ಹಾಕಬಾರದು. ಅದೂ ಒಂದು ಸರಿಯಾದ ಸಲಹೆ, ಅಲ್ವಾ?

ಇನ್ನೊಂದು ಮಾತು. ಎದೆಯ, ತೊಡೆಯ ಫೋಟೊ ತೆಗೆಯುವಾಗ ಹೆಂಗಸರು "ಸಿಸ್ಟರ್, ಇದನ್ನ ಯಾರ್ಯಾರು ನೋಡ್ತಾರೆ?" ಎಂದು ಕೇಳುತ್ತಾರೆ. ನಮ್ಮ ಸ್ವಂತ ಫೋನಿನಲ್ಲಿ ತೆಗೆದಾಗ ಅವರಿಗೆ ಏನು ಹೇಳಲಿ? ಈ ಕೆಲಸಕ್ಕೆಂದೇ ಪ್ರತಿ ಕೇಂದ್ರಕ್ಕೂ ಬೇರೆ ಫೋನ್ ಕೊಡಲಿ. ಅದು ಕೇಂದ್ರದಿಂದ ಹೊರಗೆ ಹೋಗದಿರಲಿ.

– ಒಬ್ಬ ನರ್ಸ್