ಖಡ್ಗದ ವಾಚನ ಬಂದ ದಿನ

ಮೈಸೂರು
15 ಜುಲೈ 2025

ಪ್ರೀತಿಯ ಪುಟ್ಟಿ,

ನಿನ್ನೆ ನೀನು ಕಳಿಸಿದ ಮೆಸೇಜ್ ಓದಿ ನಿನ್ನಮ್ಮ ಜೋರಾಗಿ ನಕ್ಕಳು. ವಾಟ್ಸಾಪಿನಲ್ಲಿ ಉದ್ದ ಬರೆದರೆ ನೀನು ಅರ್ಧಕ್ಕೇ ಬಿಡ್ತೀಯ, ಅದಕ್ಕೇ ಈ ಪತ್ರ.

ಆಸ್ಪತ್ರೆಯ ರಾತ್ರಿ ಡ್ಯೂಟಿ ಮುಗಿಸಿ ಬಸ್ಸು ಹತ್ತಿ, ಆ ದಿನಕ್ಕೆ ಅಂತ ಚರ್ಚಿನವರು ಗೊತ್ತುಮಾಡಿದ ಬೈಬಲ್ ವಾಚನ ತೆರೆದರೆ, ಯೇಸುಸ್ವಾಮಿ ತಾನು ತಂದದ್ದು ಶಾಂತಿಯಲ್ಲ, ಖಡ್ಗ ಅನ್ನುತ್ತಾರೆ. ಮೇಲೆ ಅಪ್ಪ ಮಗನಿಗೂ ತಾಯಿ ಮಗಳಿಗೂ ಅತ್ತೆ ಸೊಸೆಗೂ ಜಗಳದ ಮಾತು. "ಇದನ್ನ ಓದಿ ನಿದ್ದೆ ಮಾಡೋದು ಹೇಗಪ್ಪಾ? ನಾಳೆಯಿಂದ ದಿನಾ 23ನೇ ಕೀರ್ತನೆ ಓದಿ ಮಲಗಿಬಿಡ್ತೀನಿ" ಅಂತ ಬರೆದಿದ್ದೀಯ.

ದೇವರೇ ನನ್ನ ಕುರುಬ ಅನ್ನುವ ಆ 23ನೇ ಕೀರ್ತನೆ ಓದು, ಯಾರು ಬೇಡ ಅಂದರು? ಆದರೆ ಅದರ ಜೊತೆಗೆ ದಿನದ ವಾಚನವನ್ನೂ ಓದು. ನಿನ್ನೆಯ ಶುಭಸಂದೇಶ, ಅಂದರೆ ಯೇಸುಸ್ವಾಮಿಯ ಕತೆ ಹೇಳುವ ವಾಚನ, ಖಡ್ಗದ ಹತ್ತಿರವೇ ನಿಲ್ಲುವುದಿಲ್ಲ. ಮತ್ತಾಯ 10ನೇ ಅಧ್ಯಾಯದ ಕೊನೆಯ ವಾಕ್ಯ ನೋಡು. ಈ ಚಿಕ್ಕವರಲ್ಲಿ ಒಬ್ಬನಿಗೆ ಶಿಷ್ಯನೆಂಬ ಕಾರಣಕ್ಕೆ ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪುವುದಿಲ್ಲ ಅಂತಿದೆ. ರಾತ್ರಿಯೆಲ್ಲ ವಾರ್ಡಿನಲ್ಲಿ ಅದನ್ನೇ ತಾನೇ ನೀನು ಮಾಡಿ ಬಂದದ್ದು? ಖಡ್ಗಕ್ಕೆ ಹೆದರಿ ಪುಟ ಮುಚ್ಚಿದ್ದರೆ ಆ ಲೋಟದ ಮಾತು ನಿನಗೆ ಸಿಗುತ್ತಿರಲಿಲ್ಲ.

ನನಗೆ ಈ ವಾಚನಗಳು ಹಿಡಿಸುವುದೇ ಅದಕ್ಕೆ. ಹೋಟೆಲಿನಲ್ಲಿ ಮೆನು ನೋಡಿ ಬೇಕಾದ್ದು ತರಿಸಿಕೊಳ್ಳುವುದು ಬೇರೆ, ಮನೆಯಲ್ಲಿ ಬಡಿಸಿದ್ದನ್ನು ಉಣ್ಣುವುದು ಬೇರೆ. ನಾನೇ ಆರಿಸಿಕೊಂಡರೆ ವರ್ಷವಿಡೀ ನನಗೆ ಹಿತವಾದದ್ದನ್ನೇ ಓದುತ್ತಿರುತ್ತೇನೆ. ನನ್ನ ತಪ್ಪು ತೋರಿಸುವ ವಾಕ್ಯ ನನ್ನ ಕಣ್ಣಿಗೆ ಬೀಳುವುದೇ ಇಲ್ಲ. 1969ರಲ್ಲಿ ರೋಮಿನಿಂದ ಬಂದ ವಾಚನಗಳ ಕ್ರಮದಲ್ಲಿ ಭಾನುವಾರಗಳಿಗೆ ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಈಗ ನಡೆಯುತ್ತಿರುವುದು ಲೂಕನ ವರ್ಷ, ಅದಕ್ಕೇ ಮೊನ್ನೆ ಭಾನುವಾರ, ಪೆಟ್ಟು ತಿಂದು ಬಿದ್ದವನಿಗೆ ನೆರವಾದ ಸಮಾರಿಯದವನ ಕತೆ ಬಂತು. ವಾರದ ದಿನಗಳಲ್ಲಿ ಸಾಧಾರಣ ಕಾಲದ (ಕ್ರಿಸ್ಮಸ್, ಈಸ್ಟರ್ ಸುತ್ತಲಿನ ದಿನಗಳು ಬಿಟ್ಟು ಮಿಕ್ಕ ಕಾಲದ) ಮೊದಲನೆಯ ವಾಚನಕ್ಕೆ ಎರಡು ವರ್ಷದ ಸುತ್ತು, ಶುಭಸಂದೇಶ ಮಾತ್ರ ಪ್ರತಿ ವರ್ಷ ಅದೇ. ನಮ್ಮ ಮೂಡು ನೋಡಿಕೊಂಡು ಜೋಡಿಸಿದ್ದಲ್ಲ.

ಹಾಗಂತ ಜೋಡಿಸಿದವರ ಮೇಲೆ ನನಗೆ ತಕರಾರೇ ಇಲ್ಲ ಅಂತಲ್ಲ. ನಿನ್ನೆಯ ಮೊದಲನೆಯ ವಾಚನ ವಿಮೋಚನಾಕಾಂಡದ ಒಂದನೇ ಅಧ್ಯಾಯ. ಈಜಿಪ್ಟಿನಲ್ಲಿ ಇಸ್ರಯೇಲರ ಜೀತದ ಕತೆ. 8ರಿಂದ 14ರವರೆಗೆ ಓದಿ ಸೀದಾ 22ಕ್ಕೆ ಹಾರುತ್ತಾರೆ. ನಡುವೆ ಬಿಟ್ಟುಹೋದದ್ದು ಇಬ್ಬರು ಸೂಲಗಿತ್ತಿಯರ ಕತೆ! ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಅಂತ ಫರೋಹನೇ ಹೇಳಿದರೂ ಆ ಹೆಂಗಸರು ಕೇಳಲಿಲ್ಲ. ಯಾಕೆ ಅಂತ ರಾಜ ಕೇಳಿದಾಗ, ಹಿಬ್ರಿಯ ಹೆಂಗಸರು ಗಟ್ಟಿ, ನಾವು ಹೋಗುವಷ್ಟರಲ್ಲಿ ಹೆರಿಗೆ ಆಗಿಹೋಗಿರುತ್ತೆ ಅಂದುಬಿಟ್ಟರು. ನಿನ್ನ ಹಾಗೆ ಆರೈಕೆಯ ಕೆಲಸದವರೇ ಅವರೂ. ರಜೆಯ ದಿನ ಬೈಬಲ್ ತೆಗೆದು ಆ ಏಳು ವಾಕ್ಯ ಓದು, ಖುಷಿಪಡ್ತೀಯ.

ಇನ್ನೊಂದು ಮಾತು. ನಿನ್ನೆ, ಜುಲೈ 14, ಸಂತ ಕಮಿಲ್ಲಸ್ ಸ್ಮರಣೆ. ನರ್ಸುಗಳ ಪಾಲಕ ಸಂತ. ಗೊತ್ತಿತ್ತಾ? ಇಟಲಿಯವರು, ಹುಟ್ಟಿದ್ದು 1550ರಲ್ಲಿ. ಚಿಕ್ಕ ವಯಸ್ಸಿಗೇ ಸೈನಿಕ, ಮಹಾ ಜೂಜುಕೋರ. ಆಡಿ ಆಡಿ ಮೈಮೇಲಿನ ಅಂಗಿಯನ್ನೂ ಕಳೆದುಕೊಂಡರಂತೆ. ಕಾಲಿನಲ್ಲಿ ಒಂದು ಹುಣ್ಣು, ಸಾಯುವವರೆಗೂ ವಾಸಿಯಾಗಲಿಲ್ಲ. ಅದರ ಚಿಕಿತ್ಸೆಗೆ ರೋಮಿನ ಆಸ್ಪತ್ರೆಗೆ ಸೇರಿದರು, ಅಲ್ಲೇ ಆಳಾಗಿಯೂ ದುಡಿದರು. ಜಗಳ, ಜೂಜು ಅಂತ ಅಲ್ಲಿಂದ ಹೊರಹಾಕಿಸಿಕೊಂಡರು. ಆಮೇಲೆ ಮನಸ್ಸು ತಿರುಗಿ, ಮಠಕ್ಕೆ ಸೇರೋಣ ಅಂದರೆ ಅದೇ ಕಾಲು ಅಡ್ಡ ಬಂತು. ಕೊನೆಗೆ ಮತ್ತೆ ಅದೇ ಆಸ್ಪತ್ರೆಗೆ ಬಂದು ಅದರ ಮೇಲ್ವಿಚಾರಕರಾದರು. ಅಲ್ಲಿ ಸಂಬಳಕ್ಕಷ್ಟೇ ದುಡಿಯುವವರು ರೋಗಿಗಳನ್ನು ನೋಡಿಕೊಳ್ಳುವ ರೀತಿ ಕಂಡು ಬೇಸತ್ತು, ಪ್ರೀತಿಯಿಂದ ಸೇವೆ ಮಾಡುವವರ ಒಂದು ಸಂಘ ಕಟ್ಟಿದರು. ಅವರ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಇರುತ್ತದೆ. 1614ರ ಜುಲೈ 14ರಂದು ತೀರಿಕೊಂಡರು. ಸಂತರ ಹಬ್ಬ ಸಾಮಾನ್ಯವಾಗಿ ಅವರು ಸತ್ತ ದಿನವೇ ಅಲ್ವಾ. ಅದು ಅವರು ಸ್ವರ್ಗದಲ್ಲಿ ಹುಟ್ಟಿದ ದಿನ ಅನ್ನುವ ಲೆಕ್ಕ.

ಖಡ್ಗದ ವಾಚನಕ್ಕೂ ಕಮಿಲ್ಲಸ್‌ಗೂ ಏನು ಸಂಬಂಧ ಅಂತ ಕೇಳಬೇಡ. ಹೆಚ್ಚಿನ ಸ್ಮರಣೆಗಳಲ್ಲಿ ವಾಚನ ಅದರ ಪಾಡಿಗೆ ನಡೆಯುತ್ತದೆ, ಸಂತರು ಅವರ ಪಾಡಿಗೆ ಬರುತ್ತಾರೆ. ಕೆಲವು ಪಾದ್ರಿಗಳು ಪ್ರಸಂಗದಲ್ಲಿ ಎರಡನ್ನೂ ಎಳೆದು ಗಂಟು ಹಾಕುತ್ತಾರೆ. ನನಗೆ ಅದು ಅಷ್ಟು ಸೇರುವುದಿಲ್ಲ. ಎರಡನ್ನೂ ಓದಿ ಸುಮ್ನೆ ಇದ್ದುಬಿಡು. ಮಧ್ಯಾಹ್ನವೋ ಮಾರನೇ ದಿನವೋ ಯಾವುದೋ ಒಂದು ತಾನಾಗಿ ನೆನಪಾಗುತ್ತದೆ. ಆಗದಿದ್ದರೂ ಚಿಂತೆಯಿಲ್ಲ.

ಕ್ಯಾಲೆಂಡರಿನಲ್ಲಿ ಹೆಸರಿದ್ದವರಷ್ಟೇ ನಮ್ಮವರು ಅಂತಲೂ ತಿಳಿಯಬೇಡ. ನಮ್ಮ ಸಂತ ಫಿಲೋಮಿನಮ್ಮನ ಹೆಸರನ್ನು 1961ರಲ್ಲೇ ರೋಮಿನವರು ಪಂಚಾಂಗದಿಂದ ತೆಗೆಸಿದರು. ಆಕೆಯ ದಿನವಾಗಿದ್ದ ಆಗಸ್ಟ್ 11ಕ್ಕೆ ಅಲ್ಲಿ ಈಗ ಸಂತ ಕ್ಲಾರಾ ಇದ್ದಾರೆ. ಆದರೆ ಮೈಸೂರಿನಲ್ಲಿ ಆಕೆಯ ಹೆಸರಿನ ಚರ್ಚಿನ ಆ ಎರಡು ಗೋಪುರದ ಕೆಳಗೆ ಇವತ್ತಿಗೂ ಮೇಣದಬತ್ತಿ ಹಚ್ಚುವವರಿಗೆ ಕಡಿಮೆಯಿಲ್ಲ, ಅವರಲ್ಲಿ ನಮ್ಮ ಸಭೆಯವರಲ್ಲದವರೂ ಎಷ್ಟೋ ಜನ. ನಿಮ್ಮ ಐರ್ಲೆಂಡಿನಲ್ಲಿ ಫೆಬ್ರವರಿ 1ರ ಸಂತ ಬ್ರಿಜಿಡ್ ಹಬ್ಬಕ್ಕೆ 2023ರಿಂದ ಸರ್ಕಾರಿ ರಜೆಯೇ ಬಂದಿದೆ. ಇಲ್ಲಿ ಆಕೆಯ ಹೆಸರು ಕೇಳಿದವರೇ ಕಡಿಮೆ. ನಿನ್ನ ಜೊತೆ ಕೆಲಸ ಮಾಡುವವರನ್ನು ಕೇಳಿ ಆಕೆಯ ಕತೆ ನನಗೆ ಬರೆದು ಕಳಿಸು.

ಭಾನುವಾರ ಡ್ಯೂಟಿ ಇಲ್ಲದಾಗ ಚರ್ಚಿನ ಪೂಜೆ ತಪ್ಪಿಸಬೇಡ. ಮಿಕ್ಕ ದಿನ ಬಸ್ಸಿನಲ್ಲಿ ಓದಿದರೂ ನಡೆಯುತ್ತದೆ. ತುಂಬಾ ಸುಸ್ತಾಗಿದ್ದರೆ ಶುಭಸಂದೇಶ ಒಂದನ್ನೇ ಓದು, ಆದರೆ ಕೊನೆಯವರೆಗೂ ಓದು. ಬರುವ ಮಂಗಳವಾರ, 22ಕ್ಕೆ, ಮಗ್ದಲದ ಮರಿಯಳು. ಮುಂಚೆ ಬರೀ ಸ್ಮರಣೆ ಇತ್ತು, 2016ರಲ್ಲಿ ಫ್ರಾನ್ಸಿಸ್ ಪೋಪರು ಅದನ್ನು ಹಬ್ಬದ ದರ್ಜೆಗೆ ಏರಿಸಿದರು. ಪ್ರೇಷಿತರ, ಅಂದರೆ ಯೇಸುಸ್ವಾಮಿ ಕಳಿಸಿದ ಮೊದಲ ಶಿಷ್ಯರ, ದಿನಗಳಿಗೂ ಅದೇ ದರ್ಜೆ. ಯೇಸುಸ್ವಾಮಿ ಸತ್ತು ಮತ್ತೆ ಎದ್ದದ್ದನ್ನು ಮೊದಲು ಕಂಡು ಹೋಗಿ ಹೇಳಿದವಳು ಅವಳು. ಇಷ್ಟು ತಡ ಮಾಡಬಾರದಿತ್ತು ಅನ್ನುತ್ತಾಳೆ ನಿನ್ನಮ್ಮ.

26, ಶನಿವಾರ, ಜೋಕಿಮ್ ಮತ್ತು ಅನ್ನಮ್ಮನವರ ದಿನ. ಯೇಸುಸ್ವಾಮಿಯ ಅಜ್ಜ ಅಜ್ಜಿ. ನಿನ್ನಜ್ಜಿಯ ಹೆಸರಿನ ಹಬ್ಬವೂ ಅದೇ, ಮರೆಯಬೇಡ. ಅವರು ರಾತ್ರಿ ಎಂಟಕ್ಕೆಲ್ಲ ಮಲಗಿಬಿಡುತ್ತಾರೆ, ಅಂದರೆ ನಿಮ್ಮ ಕಡೆ ಮಧ್ಯಾಹ್ನ ಮೂರೂವರೆ. ಅದಕ್ಕೆ ಮುಂಚೆ ಫೋನ್ ಮಾಡು. ವಿಡಿಯೋ ಬೇಡ, ಕಣ್ಣು ಸರಿಯಾಗಿ ಕಾಣಿಸಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಸ್ವಲ್ಪ ಜೋರಾಗಿ ಮಾತಾಡು.

ನಿನ್ನ
ಅಪ್ಪ