ಎರಡು ಹಕ್ಕಿನೂ ಶಾರ್ಪ್ ಬರಬೇಕಾ? ಹಿಂದೆ ಸರೀರಿ

ಸಂಪಾದಕರಿಗೆ ನಮಸ್ಕಾರ,

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋ ಟೈಮಲ್ಲಿ ಫೋಟೋ ತೆಗೆಯೋರು ಮರದ ಬುಡಕ್ಕೇ ಬಂದು ನಿಲ್ತಾರೆ, ರಂಗನತಿಟ್ಟಲ್ಲೂ ಅಷ್ಟೇ, ಬೋಟ್ ಇನ್ನೂ ಹತ್ರ ಬಿಡಿ ಅಂತ ಒಂದೇ ಸಮನೆ ಪೀಡಿಸ್ತಾರೆ, ಆಮೇಲೆ ತಾಯಿ ಶಾರ್ಪ್ ಬಂತು ಹಿಂದಿರೋ ಮರಿ ಬ್ಲರ್ ಆಯ್ತು ಅಂತ ಬೇಜಾರು. ಹತ್ರ ಹೋಗಿದ್ದೇ ಅದಕ್ಕೆ ಕಾರಣ ಕಣ್ರೀ.

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, 500 ಎಂಎಂ ಲೆನ್ಸು, ಲೆನ್ಸಿನ ಕಿಂಡಿ ಎಫ್/5.6 ಇಟ್ಕೊಂಡು 10 ಮೀಟರ್ ದೂರದಿಂದ ತೆಗೆದ್ರೆ ಶಾರ್ಪ್ ಸಿಗೋದು ಹೆಚ್ಚೂಕಮ್ಮಿ 13 ಸೆಂಟಿಮೀಟರ್ ಆಳ ಮಾತ್ರ, ಹೆಜ್ಜಾರ್ಲೆ ಕೊಕ್ಕೇ ಅದಕ್ಕಿಂತ ಉದ್ದ ಇರುತ್ತೆ. 20 ಮೀಟರಿಗೆ ಸರಿದ್ರೆ ಅರ್ಧ ಮೀಟರ್ ದಾಟುತ್ತೆ. ಕಿಂಡಿ ಚಿಕ್ಕದು ಮಾಡಿ ಎಫ್/11 ಇಟ್ರೆ ಅದರ ಡಬಲ್. ಬೆಳಕು ಕಮ್ಮಿ ಬರೋದ್ರಿಂದ ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ) ಏರಿಸಬೇಕಾಗುತ್ತೆ, ಫೋಟೋದಲ್ಲಿ ಸ್ವಲ್ಪ ನಾಯ್ಸ್, ಅಂದ್ರೆ ಕಾಳುಕಾಳು, ಬರುತ್ತೆ, ಬರಲಿ ಬಿಡಿ. ಹಕ್ಕಿ ಚಿಕ್ಕದಾಗಿ ಕಂಡ್ರೆ ಕ್ರಾಪ್ ಮಾಡ್ಕೊಳ್ಳಿ, ಹಕ್ಕಿ ಹತ್ರದಿಂದ ತೆಗೆದಷ್ಟೇ ದೊಡ್ಡದಾಗೋ ಹಾಗೆ ಮಾಡಿದ್ರೆ 20 ಮೀಟರಿನ ಈ ಆಳ ಅರ್ಧದಷ್ಟು ಕಮ್ಮಿಯಾಗುತ್ತೆ ನಿಜ, ಆದ್ರೂ ಹತ್ರದಿಂದ ತೆಗೆದಿದ್ದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು, ತಾಳ್ಮೆ. ಎರಡು ಹಕ್ಕಿಗಳ ಕಣ್ಣು ಲೆನ್ಸಿನಿಂದ ಒಂದೇ ದೂರಕ್ಕೆ ಬರೋವರೆಗೆ ಕಾಯಬೇಕು, ಅಪ್ಪ ಅಮ್ಮ ಮೀನು ತಂದಾಗ ಮರಿಗಳು ಕತ್ತು ಚಾಚ್ತವಲ್ಲ, ಅಂಥ ಟೈಮಲ್ಲಿ ಎಷ್ಟೋ ಸಲ ತಾನಾಗೇ ಸಿಗುತ್ತೆ.

ಜನ ತೀರಾ ಹತ್ರ ಬಂದ್ರೆ ಹಕ್ಕಿ ಗೂಡು ಬಿಟ್ಟು ಏಳುತ್ತೆ, ಆಗ ಮೊಟ್ಟೆ ಮರಿ ಬಿಸಿಲಿಗೆ, ಕಾಗೆ ಹದ್ದಿಗೆ ಸಿಕ್ಕಿಬೀಳ್ತವೆ. ದಯವಿಟ್ಟು ಫೋಟೋ ಸ್ಪರ್ಧೆ ನಡೆಸೋರು, ನಿಮ್ಮ ಪತ್ರಿಕೆನೂ ಸೇರಿ, ಗೂಡಿನ ಕ್ಲೋಸಪ್‌ಗೆ ಬಹುಮಾನ ಕೊಡೋದು ನಿಲ್ಲಿಸಿ.

– ಒಬ್ಬ ಓದುಗ, ಮಂಡ್ಯ