ಪುಟ್ಟುವಿಗೆ, ಗಿಟಾರ್ ಕೊಡುವ ಮುಂಚೆ

ಮೈಸೂರು

ಚಿ. ಪುಟ್ಟುವಿಗೆ ಅತ್ತೆಯ ಆಶೀರ್ವಾದ.

ನೀನೇ ಕೈಯಾರೆ ಮಾಡಿದ ಗಿಟಾರನ್ನು ದುಡ್ಡಿಗಾಗಿ ಮಾರಬೇಕಾಗಿದೆ ಅಂತ ಬರೆದ ನಿನ್ನ ಕಾಗದ ಮೊನ್ನೆ ಬಂತು. ದುಡ್ಡು ಯಾಕೆ ಬೇಕು, ಯಾವತ್ತಿನೊಳಗೆ ಬೇಕು, ಎಲ್ಲ ಮನೆಯವರಿಗೆ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೀಯಲ್ಲ, "ಇಂಥದ್ದು ಇನ್ನೊಂದು ನನ್ನ ಕೈಯಲ್ಲಿ ಆಗದೇ ಹೋದರೆ?" ಅಂತ. ಎರಡು ರಾತ್ರಿ ಆ ಸಾಲು ನನಗೆ ನಿದ್ದೆ ಕೊಡಲಿಲ್ಲ.

ನಿಜ ಹೇಳಿಬಿಡುತ್ತೇನೆ. ಇಂಥದ್ದೇ ಇನ್ನೊಂದು ಆಗುವುದಿಲ್ಲ. ಆ ಗಿಟಾರಿನ ತಂತಿಗಳ ಕಂಪನವನ್ನು ಹಿಡಿಯುವ ಪಿಕಪ್ಪಿದೆಯಲ್ಲ, ಅದರ ಕಾಯಿಲ್, ಅಂದರೆ ತಂತಿಯ ಸುರುಳಿ, ಸುತ್ತಿದ್ದು ನಾನು. ಈಗ ಸೂಜಿಗೆ ದಾರ ಪೋಣಿಸುವಾಗಲೂ ನನ್ನ ಬಲಗೈ ನಡುಗುತ್ತದೆ.

ಅವತ್ತಿನದು ನೆನಪಿದೆಯಾ? 42 ಗೇಜ್ ತಂತಿ, ಕೂದಲೆಳೆಯಷ್ಟೇ ದಪ್ಪ. 8000 ಸುತ್ತು ಬೇಕು ಅಂತ ನೀನು ಅಂದೆ. ಸುತ್ತು ಜಾಸ್ತಿ ಆದರೆ ಸದ್ದು ದೊಡ್ಡದು, ಆದರೆ ದನಿ ಮಂಕಾಗುತ್ತದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಮೊದಲನೆಯದು 3000 ದಾಟುವ ಮುಂಚೆ ತುಂಡಾಯಿತು. ಎರಡನೆಯದು 7200ಕ್ಕೆ. ನೀನು ತಲೆ ಮೇಲೆ ಕೈ ಹೊತ್ತು ಕೂತೆ. ನನಗೆ ಏನೂ ಅನ್ನಿಸಲಿಲ್ಲ. ಬೆಂಗಳೂರಿನ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯಲ್ಲಿ ಟೆಲಿಫೋನ್ ರಿಲೇಗೆ ಕಾಯಿಲ್ ಸುತ್ತುತ್ತಿದ್ದಾಗ ಮೊದಲ ತಿಂಗಳು ನಾನು ಹರಿದ ತಂತಿಗೆ ಲೆಕ್ಕವಿಲ್ಲ. ಬೆರಳ ಸಂದಿಯಲ್ಲಿ ತಂತಿ ಓಡುವಾಗ ಸಣ್ಣಗೆ ಬಿಸಿ ತಾಗುತ್ತದೆ. ಬಿಸಿ ಏರಿತು ಅಂದರೆ ಬಿಗಿ ಜಾಸ್ತಿಯಾಗಿದೆ, ಇನ್ನೇನು ಹರಿಯುತ್ತದೆ. ಅದನ್ನು ಯಾರೂ ಹೇಳಿಕೊಡಲಿಲ್ಲ. ಹರಿದು ಹರಿದೇ ಬೆರಳಿಗೆ ಬಂತು. ಮೂರನೆಯ ಕಾಯಿಲ್ ನಿಂತಿತು, ಅದೇ ನಿನ್ನ ಗಿಟಾರಿನಲ್ಲಿರುವುದು.

ಅಬಿಗೇಲ್ ಇಬಾರಾ ವಿಷಯ ನೀನೇ ಹೇಳಿದ್ದು. 1956ರಲ್ಲಿ ಕ್ಯಾಲಿಫೋರ್ನಿಯಾದ ಫೆಂಡರ್ ಗಿಟಾರ್ ಕಾರ್ಖಾನೆಗೆ ಸೇರಿ, ಐವತ್ತು ವರ್ಷ ದಾಟಿ ಅಲ್ಲೇ ದುಡಿದ ಹೆಂಗಸು. ಆಕೆ ಸುತ್ತಿದ ಪಿಕಪ್ಪು ಅಂದರೆ ಜನ ಹುಡುಕಿ ಕೊಳ್ಳುತ್ತಾರೆ ಅಂದಾಗ ನನಗೆ ಗಂಟಲು ಕಟ್ಟಿತು. ನಾವು ಸುತ್ತಿದ್ದು ಯಾವ ಊರಿನ ಎಕ್ಸ್‌ಚೇಂಜಿಗೆ ಹೋಯಿತೋ ಯಾರಿಗೆ ಗೊತ್ತು? ನೀನು ಮಾತ್ರ ಆ ಗಿಟಾರಿನ ಪ್ಲೇಟಿನ ಹಿಂದೆ ನನ್ನ ಹೆಸರು ಬರೆದೆ. ಅದೂ ಹೊರಟುಹೋಗುತ್ತದಲ್ಲ ಅಂತ ನನಗೂ ಸಂಕಟ ಆಗುತ್ತದೆ ಮಗು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ?

ನನ್ನ ವೀಣೆಯ ಕಥೆ ನಿನಗೆ ಅರ್ಧ ಗೊತ್ತು. ಹಲಸಿನ ಮರದ್ದು, ಇಲ್ಲೇ ಮೈಸೂರಿನಲ್ಲಿ ಮಾಡಿಸಿದ್ದು, ಇಟ್ಟಲ್ಲೇ ಹಾಳಾಯಿತು ಅಂತ. ಇನ್ನರ್ಧ ಯಾರಿಗೂ ಹೇಳಿಲ್ಲ. ಶಿಫ್ಟು, ಮಕ್ಕಳು ಅಂತ ನಾನು ನುಡಿಸುವುದು ಬಿಟ್ಟ ಮೇಲೆ ಪಕ್ಕದ ಮನೆ ಹುಡುಗಿ ಬಂದು ಕೇಳಿದಳು. "ಆಂಟಿ, ಕೊಡ್ತೀರಾ? ಅಪ್ಪ ದುಡ್ಡು ಕೊಡ್ತಾರೆ." ನಾನು ಕೊಡಲಿಲ್ಲ. ಈ ನಾದ ಇನ್ನೊಂದರಲ್ಲಿ ಸಿಗುವುದಿಲ್ಲ ಅಂತ ಹೆದರಿಕೆ. ನಿನ್ನದೇ ಹೆದರಿಕೆ, ನೋಡು. ಎಂಟು ವರ್ಷ ಬಿಟ್ಟು ಗೌಸು ಬಿಚ್ಚಿದರೆ ಮೆಟ್ಟಿಲು ಕೂರಿಸಿದ್ದ ಮೇಣ ಒಣಗಿ ಪುಡಿಪುಡಿ. 24 ಮೆಟ್ಟಿಲಲ್ಲಿ ಹನ್ನೊಂದು ಕಳಚಿ ಬಿದ್ದಿದ್ದವು. ವೀಣೆಯ ಬುರುಡೆ, ಆ ದೊಡ್ಡ ಕೊಡ, ಅದರಲ್ಲಿ ಬೆರಳು ತೂರುವಷ್ಟು ಸೀಳು. ಆ ಹುಡುಗಿ ಆಮೇಲೆ ವೀಣೆ ಕಲಿತಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಇದನ್ನು ಓದಿ ಅತ್ತೆ ಮಾರು ಅನ್ನುತ್ತಿದ್ದಾರೆ ಅಂದುಕೊಳ್ಳಬೇಡ. ನನಗೂ ಗೊತ್ತಾಗುತ್ತಿಲ್ಲ. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಹೆಸರು ಎರಡು ಸಲ ಬರೆದಿದ್ದೀಯ. 1963ರಲ್ಲಿ ಅಪ್ಪನ ಜೊತೆ ಕೂತು ಮಾಡಲು ಶುರು ಮಾಡಿದ ಗಿಟಾರು, ಕುತ್ತಿಗೆಗೆ ಹಳೇ ಬೆಂಕಿಗೂಡಿನ ಚೌಕಟ್ಟಿನ ಮರ. ಅವರು ಅದನ್ನು ಯಾರಿಗೂ ಕೊಡಲಿಲ್ಲ, ಸರಿ. ಆದರೆ 1990ರ ದಶಕದಲ್ಲಿ ಗ್ರೆಗ್ ಫ್ರಾಯರ್ ಅನ್ನುವವರು ಅದನ್ನು ಅಳೆದು ಮೂರು ಪ್ರತಿ ಮಾಡಿದರು ಅಂತಲೂ ನೀನೇ ಹೇಳಿದ್ದೆ, ಅಲ್ವಾ? ನಿನ್ನ ಅಳತೆಗಳೆಲ್ಲ ಎಲ್ಲಿವೆ? ರಟ್ಟಿನ ಮೇಲೆ, ಕ್ಯಾಲೆಂಡರಿನ ಹಿಂದೆ ಗೀಚುತ್ತಿದ್ದೆ. ಕುತ್ತಿಗೆ ಮೊದಲನೇ ಫ್ರೆಟ್ಟಿನಲ್ಲಿ ಎಷ್ಟು ದಪ್ಪ, 12ನೆಯದರಲ್ಲಿ ಎಷ್ಟು, ತಂತಿಗೂ ಅಯಸ್ಕಾಂತಕ್ಕೂ ಎಷ್ಟು ಅಂತರ, ಕಾಯಿಲ್ ಮೀಟರಿನಲ್ಲಿ ಎಷ್ಟು ಓಮ್ ತೋರಿಸುತ್ತದೆ. ಕೊಡುವ ಮುಂಚೆ ಒಂದೇ ಪುಸ್ತಕದಲ್ಲಿ ಬರೆದಿಡು. ನಿನ್ನ ಕೆಲಸದಲ್ಲಿ ನಿನಗೆ ಹೇಳುವಷ್ಟು ದೊಡ್ಡವಳಲ್ಲ ನಾನು, ಆದರೂ ಹೇಳುತ್ತಿದ್ದೇನೆ.

ಕೊಳ್ಳುವವರ ಹತ್ತಿರ ಒಂದು ಮಾತು ಕೇಳಬಹುದೇನೋ. ಮುಂದೆ ಮಾರುವುದಾದರೆ ಮೊದಲು ನಿನಗೆ ತಿಳಿಸಬೇಕು ಅಂತ. ಒಪ್ಪದಿದ್ದರೆ ಬೇಡ, ಸುಮ್ನೆ ಕೇಳಿ ನೋಡು.

ಮತ್ತೆ ಅಲ್ಲಿಗೇ ಬರುತ್ತಿದ್ದೇನೆ. ಇನ್ನೊಂದು ಆಗದೇ ಹೋದರೆ? ಎರಡನೆಯದರ ಕುತ್ತಿಗೆ ಬಾಗಬಹುದು, ತಂತಿ ಜೀರ್ ಅನ್ನಬಹುದು. ಮೊದಲನೆಯದನ್ನು ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಆಗ ನಿನಗೆ ಖಂಡಿತ ಅನ್ನಿಸುತ್ತದೆ. ಅನ್ನಿಸಿದ ದಿನ ನನಗೆ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ. ನಿನ್ನಷ್ಟಕ್ಕೆ ನೀನೇ ಕೂತು ಕೊರಗಬೇಡ, ನಾನು ಆ ಕೆಲಸ ಮಾಡಿ ನೋಡಿದ್ದೇನೆ.

ಅವತ್ತಿನ ತಂತಿ ರೀಲು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಗೇ ಇದೆ. ಎರಡು ಕಾಯಿಲ್‌ಗಾದರೂ ಆದೀತು. ಯಾವುದಾದರೂ ಭಾನುವಾರ ಬಾ, ಹಜಾರದಲ್ಲಿ ಹನ್ನೊಂದರವರೆಗೆ ಬೆಳಕು ಚೆನ್ನಾಗಿರುತ್ತದೆ. ಈ ಸಲ ನೀನು ಸುತ್ತು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಬರುವಾಗ ಸುತ್ತುವ ಮೆಷಿನ್ನಿಗೆ ಬೆಲ್ಟ್ ತೆಗೆದುಕೊಂಡು ಬಾ, ಇದ್ದದ್ದು ಕಿತ್ತುಹೋಗಿದೆ.

ನಿನ್ನ
ಅತ್ತೆ